ರಿಂಗ್ ರಸ್ತೆಯ ಗೆರೆಯೊಳಗೆ ನಮ್ಮ ಜಮೀನು: ಪರಿಸರ ವರದಿಯಿಂದ ನಮಗೇನು ಉಪಯೋಗ?

ಪ್ರಶ್ನೆ: ಯಲಹಂಕದಾಚೆ, ಜಾರಕಬಂಡೆ ಕಾವಲ್ ಕಾಡಿಗೆ ಹತ್ತಿರದ ಊರಿನಲ್ಲಿ ಅಪ್ಪನ ಹೆಸರಿನಲ್ಲಿ ಒಂದೂವರೆ ಎಕರೆ ಜಮೀನಿದೆ. ಪೆರಿಫೆರಲ್ ರಿಂಗ್ ರಸ್ತೆಗೆ ನೋಟಿಫಿಕೇಶನ್ ಆದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಈಗ ಮದುವೆಯಾಗಿ ಮಗಳು ಶಾಲೆಗೆ ಹೋಗುತ್ತಿದ್ದಾಳೆ, ರಸ್ತೆ ಮಾತ್ರ ಬಂದಿಲ್ಲ. ಜಮೀನಿನ ಒಂದು ಬದಿಗೆ ಹಳ್ಳವಿದೆ, ಮಳೆಗಾಲದಲ್ಲಿ ತುಂಬಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಸುಪ್ರೀಂ ಕೋರ್ಟ್ ಪರಿಸರ ಕಾರಣಕ್ಕೆ ಈ ರಸ್ತೆಯನ್ನು ರದ್ದು ಮಾಡಿದೆ ಎಂದು ತಮ್ಮ ಹೇಳುತ್ತಾನೆ, ಅಲ್ಲೇ ಮನೆ ಕಟ್ಟುವ ಯೋಚನೆ ಅವನದು. ರದ್ದಾಗಿಲ್ಲ, ಈಗ ಅದು ಬಿಸಿನೆಸ್ ಕಾರಿಡಾರ್ ಆಗಿದೆ, ರೇಟು ಮೂರು ಪಟ್ಟು ಏರುತ್ತದೆ, ತಡೆದು ಮಾರಿ ಎನ್ನುತ್ತಾರೆ ಬ್ರೋಕರ್. ಪರಿಸರ ವರದಿ, ಅಹವಾಲು ಸಭೆ ಎಲ್ಲ ಬರೀ ಶಾಸ್ತ್ರಕ್ಕೆ ಎನ್ನುತ್ತಾರೆ ಊರಿನವರು. ಯಾರ ಮಾತು ನಂಬಲಿ? ನಾವು ಏನಾದರೂ ಮಾಡುವುದು ಉಳಿದಿದೆಯೇ?

ಉತ್ತರ: ನಿಮ್ಮ ಆತಂಕ ರಸ್ತೆಯ ಬಗ್ಗೆ ಮಾತ್ರ ಇದ್ದಂತಿಲ್ಲ. ಇಪ್ಪತ್ತು ವರ್ಷದಿಂದ ಜಮೀನು ಅತ್ತ ನಿಮ್ಮದೂ ಅಲ್ಲ, ಇತ್ತ ಸರ್ಕಾರದ್ದೂ ಅಲ್ಲ. ಕಟ್ಟುವಂತಿಲ್ಲ, ಸಾಲ ಸಿಗುವುದಿಲ್ಲ, ಮಾರಲು ಹೋದರೆ ಅರ್ಧ ಬೆಲೆ. ಈ ಅತಂತ್ರದಲ್ಲಿ ಯಾರು ಏನು ಹೇಳಿದರೂ ನಿಜವೇ ಇರಬಹುದು ಅನಿಸುತ್ತದೆ. ರಸ್ತೆ ಯೋಜನೆಗಳ ಪರಿಸರ ವರದಿ ಬರೆಯುವವರ ಜೊತೆಗೂ, ಅದನ್ನು ಪರಿಶೀಲಿಸುವವರ ಜೊತೆಗೂ ಕೆಲಸ ಮಾಡಿದವನಾಗಿ ಹೇಳುತ್ತೇನೆ: ನಿಮ್ಮ ತಮ್ಮ, ಬ್ರೋಕರ್, ಊರಿನವರು ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಪೂರ್ತಿ ಸತ್ಯ ಯಾರದ್ದೂ ಅಲ್ಲ.

ಮೊದಲು ನಿಮ್ಮ ತಮ್ಮನ ಮಾತು. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ಸೇರುವ ಈ ಎಂಟು ಪಥದ ರಸ್ತೆಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. 2014ರ ನವೆಂಬರ್‌ನಲ್ಲಿ ಪರಿಸರ ಅನುಮತಿ ಸಿಕ್ಕಿತು. ಅದನ್ನು ಪ್ರಶ್ನಿಸಿ ಕೆಲವರು ಹಸಿರು ನ್ಯಾಯಮಂಡಳಿಗೆ ಹೋದರು, 2019ರ ಫೆಬ್ರುವರಿಯಲ್ಲಿ ಮಂಡಳಿ ಹೊಸದಾಗಿ ಅಧ್ಯಯನ ಮಾಡಿ ಎಂದಿತು. ಬಿಡಿಎ ಮೇಲ್ಮನವಿ ಹಾಕಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಮಾನ್ಯತೆ ಪಡೆದ ಸಲಹಾ ಸಂಸ್ಥೆಯಿಂದ ಹೊಸ ತ್ವರಿತ ಅಧ್ಯಯನ ಮಾಡಿಸಿ ಎಂದೇ ಹೇಳಿತು. ಕೋರ್ಟ್ ತಪ್ಪು ಹಿಡಿದದ್ದು ಅಧ್ಯಯನದಲ್ಲಿ. ರಸ್ತೆ ಬೇಡ ಎಂದು ಅದು ಎಲ್ಲೂ ಹೇಳಲಿಲ್ಲ, ಭೂಸ್ವಾಧೀನದ ಅಧಿಸೂಚನೆಯನ್ನೂ ರದ್ದು ಮಾಡಲಿಲ್ಲ. ಹಾಗಾಗಿ ಅದೇ ತೀರ್ಪನ್ನು ನಂಬಿ ಪಾಯ ತೋಡುವುದು ದುಡ್ಡನ್ನು ಹಳ್ಳಕ್ಕೆ ಸುರಿದಂತೆ.

ಆ ತೀರ್ಪು ಏನನ್ನು ಎತ್ತಿ ತೋರಿಸಿತು ಎನ್ನುವುದನ್ನು ಮಾತ್ರ ನೀವು ಸರಿಯಾಗಿ ತಿಳಿದುಕೊಳ್ಳಬೇಕು. ವರದಿಯಲ್ಲಿ ಯಾವ ಯಾವ ವಿಷಯ ಅಧ್ಯಯನ ಮಾಡಬೇಕೆಂಬ ಸೂಚನೆ ಸಿಕ್ಕಿದ್ದು 2009ರ ನವೆಂಬರ್‌ನಲ್ಲಿ. ಗಾಳಿ, ನೀರು, ಶಬ್ದದ ಮಾಪನ ನಡೆದದ್ದು 2009ರ ಡಿಸೆಂಬರ್‌ನಿಂದ 2010ರ ಫೆಬ್ರುವರಿವರೆಗೆ. ವರದಿ ಸಲ್ಲಿಸಿದ್ದು 2014ರ ಅಕ್ಟೋಬರ್‌ನಲ್ಲಿ. ಆ ನಾಲ್ಕೂವರೆ ವರ್ಷದಲ್ಲಿ ಯಲಹಂಕ, ಥಣಿಸಂದ್ರ, ವೈಟ್‌ಫೀಲ್ಡ್ ಕಡೆ ಏನೇನು ಬದಲಾಯಿತು ಎಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಜಾರಕಬಂಡೆ ಕಾವಲ್ ಅರಣ್ಯದ ಮೇಲೆ ರಸ್ತೆ ಹಾಯುತ್ತದೆ ಎಂಬುದು ಸರಿಯಾಗಿ ದಾಖಲಾಗಿರಲಿಲ್ಲ. ಮಾರ್ಗದಲ್ಲಿ ಪೆಟ್ರೋಲಿಯಂ ಕೊಳವೆ ಮಾರ್ಗಗಳಿರುವುದು ಅರ್ಜಿಯಲ್ಲಿ ಕಾಣಿಸಿರಲಿಲ್ಲ. ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶದ ಮಾತೂ ಅಲ್ಲಿ ಬಂತು, ಆ ಪ್ರದೇಶಕ್ಕೆ 2003ರ ನವೆಂಬರ್‌ನ ಸರ್ಕಾರಿ ಆದೇಶದ ರಕ್ಷಣೆ ಇದೆ. ಇನ್ನು ಮರಗಳು. ಮೊದಲು ನೂರರ ಲೆಕ್ಕದಲ್ಲಿದ್ದ ಕಡಿಯುವ ಮರಗಳ ಸಂಖ್ಯೆ ಆಮೇಲೆ 16,685 ಆಯಿತು. 2020ರಲ್ಲಿ ಹೊಸ ಕರಡು ವರದಿ ಬಂದಾಗ 33,838 ಆಯಿತು.

ರಸ್ತೆ ಒಂದೇ. ಮರಗಳೂ ರಾತ್ರೋರಾತ್ರಿ ಹುಟ್ಟಿದವಲ್ಲ. ಸರಿಯಾಗಿ ಎಣಿಸಿದ್ದು ಯಾವಾಗ ಎಂಬುದರ ಮೇಲೆ ಸಂಖ್ಯೆ ಬದಲಾಗಿದೆ.

ಊರಿನವರು “ಶಾಸ್ತ್ರಕ್ಕೆ” ಎಂದದ್ದು ಇದನ್ನು ನೋಡಿಯೇ ಇರಬೇಕು, ಅವರನ್ನು ದೂರಲಾರೆ. ಇಂಥ ವರದಿಗಳನ್ನು ತೆರೆದಾಗ ನಾನು ಮೊದಲು ತಿರುಗಿಸುವ ಪುಟ ಸಸ್ಯಗಳ ಪಟ್ಟಿ. ಬಯಲುಸೀಮೆಯ ರಸ್ತೆಯ ವರದಿಯಲ್ಲಿ ಮಲೆನಾಡಿನ ಮರಗಳ ಹೆಸರು ಕಂಡರೆ, ಪಟ್ಟಿ ಬೇರೆ ವರದಿಯಿಂದ ಎತ್ತಿದ್ದು ಎಂದು ಗೊತ್ತಾಗಿಬಿಡುತ್ತದೆ. ಹಳ್ಳಕೊಳ್ಳಗಳ ವಿಷಯವೂ ಹಾಗೆಯೇ. ಕಚೇರಿಯಲ್ಲಿ ಕೂತು ಉಪಗ್ರಹ ಚಿತ್ರದ ಮೇಲೆ ನೀಲಿ ಗೆರೆ ಎಳೆಯುತ್ತಾರೆ. ಬೇಸಿಗೆಯಲ್ಲಿ ತೆಗೆದ ಚಿತ್ರದಲ್ಲಿ ನಿಮ್ಮ ಜಮೀನಿನ ಪಕ್ಕದ ಹಳ್ಳ ಒಣಗಿದ ಬದುವಿನ ಹಾಗೆ ಕಾಣುತ್ತದೆ. ಅಲ್ಲಿಗೆ ಅದು ವರದಿಯಿಂದ ಮಾಯ. ವರದಿಯಲ್ಲಿ ಇಲ್ಲದ ಹಳ್ಳಕ್ಕೆ ರಸ್ತೆಯ ನಕ್ಷೆಯಲ್ಲಿ ಮೋರಿಯೂ ಇರುವುದಿಲ್ಲ. ಇದ್ದರೂ ಒಂದು ಸಣ್ಣ ಸಿಮೆಂಟ್ ಪೈಪು ಇರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಈ ಹಳ್ಳ. ಎಂಟು ಪಥದ ರಸ್ತೆಗೆ ಮಣ್ಣು ತುಂಬಿ ಏರಿ ಕಟ್ಟುತ್ತಾರೆ. ಏರಿಯ ಅಡಿ ನೀರು ದಾಟಲು ಸಾಕಷ್ಟು ಅಗಲ ಬಿಡದಿದ್ದರೆ ಮೇಲಿನ ಕಡೆ ಹೊಲಗಳಲ್ಲಿ ನೀರು ನಿಲ್ಲುತ್ತದೆ, ಕೆಳಗಿನ ಕಡೆ ಕೆರೆ ತುಂಬುವುದಿಲ್ಲ. ಕೆರೆ ತುಂಬದಿದ್ದರೆ ಎರಡು ಬೇಸಿಗೆಯೊಳಗೆ ಸುತ್ತಲಿನ ಕೊಳವೆಬಾವಿಗಳು ಹೇಳುತ್ತವೆ. 2022ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಯಮಲೂರು ಭಾಗದಲ್ಲಿ ಟ್ರ್ಯಾಕ್ಟರ್ ಹತ್ತಿ ಐಟಿ ನೌಕರರು ಕೆಲಸಕ್ಕೆ ಹೋದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಮಳೆ ಜಾಸ್ತಿಯಾಗಿದ್ದು ನಿಜ. ಜೊತೆಗೆ ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿಗಳನ್ನು ರಸ್ತೆ, ಬಡಾವಣೆಗಳು ಸೇರಿ ಕತ್ತು ಹಿಸುಕಿದ್ದೂ ಅಷ್ಟೇ ನಿಜ.

ರಸ್ತೆಗಿಂತ ರಸ್ತೆಯ ಪಕ್ಕದ್ದು ದೊಡ್ಡದು

ಬ್ರೋಕರ್ ಮಾತಿಗೆ ಬರುತ್ತೇನೆ. ಯೋಜನೆ ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಗಿ ಮುಂದುವರಿದಿರುವುದು ಹೌದು. 2025ರಲ್ಲಿ ಸರ್ಕಾರ 100 ಮೀಟರ್ ಅಗಲದಲ್ಲಿ ರಸ್ತೆಗೆ 65 ಮೀಟರ್ ಇಟ್ಟುಕೊಂಡು, ಉಳಿದ 35 ಮೀಟರನ್ನು ವಾಣಿಜ್ಯ ಬಳಕೆಗೆ ಬಿಟ್ಟು ಭೂಮಿ ಕೊಟ್ಟವರಿಗೆ ಪಾಲು ಕೊಡುವ ತೀರ್ಮಾನ ಮಾಡಿತು. ನಗದು, ಟಿಡಿಆರ್ (ಬೇರೆಡೆ ಕಟ್ಟಲು ಬಳಸುವ ಅಥವಾ ಮಾರುವ ಹಕ್ಕು), ಇರುವ ಜಾಗದಲ್ಲೇ ಹೆಚ್ಚು ಕಟ್ಟಲು ಬಿಡುವ ಹೆಚ್ಚುವರಿ ಎಫ್‌ಎಆರ್, ಅಭಿವೃದ್ಧಿಪಡಿಸಿದ ನಿವೇಶನ, ವಾಣಿಜ್ಯ ಜಾಗ ಹೀಗೆ ಪರಿಹಾರಕ್ಕೆ ಹಲವು ದಾರಿ ಇಟ್ಟಿತು. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬ್ರೋಕರ್ ಹೇಳದೆ ಬಿಟ್ಟ ಮಾತೊಂದಿದೆ. ಇಂಥ ಟೋಲ್ ರಸ್ತೆಗೆ ಎಲ್ಲೆಂದರಲ್ಲಿ ಹತ್ತಿ ಇಳಿಯಲು ಬಿಡುವುದಿಲ್ಲ. ಪಕ್ಕದಲ್ಲೇ ಜಮೀನಿದ್ದರೂ ಇಂಟರ್‌ಚೇಂಜ್ ಎರಡು ಮೂರು ಕಿಲೋಮೀಟರ್ ದೂರವಿದ್ದರೆ ನಿಮಗೆ ಸಿಗುವುದು ಸರ್ವಿಸ್ ರಸ್ತೆಯ ಧೂಳು, ರಾತ್ರಿಯಿಡೀ ಲಾರಿಗಳ ಸದ್ದು. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಮಿತಿ ರಾತ್ರಿ 45 ಡೆಸಿಬಲ್. ಹೆದ್ದಾರಿ ಬದಿಯ ಮನೆಯಲ್ಲಿ ಮಲಗಿದವರಿಗೆ ಆ ಮಿತಿಯ ಬೆಲೆ ಗೊತ್ತು.

ನನ್ನ ವೃತ್ತಿಯ ತಕರಾರು ಇರುವುದೇ ಇಲ್ಲಿ. ಪರಿಸರ ಅಧ್ಯಯನ ಡಾಂಬರಿನ ಪಟ್ಟಿಯನ್ನು ಅಳೆಯುತ್ತದೆ. ಎಷ್ಟು ಮರ, ಎಷ್ಟು ಧೂಳು, ಎಷ್ಟು ಸದ್ದು ಎಂದು ನೋಡುತ್ತದೆ. ಆ ಪಟ್ಟಿಯ ಎರಡೂ ಬದಿಗೆ ಹತ್ತು ವರ್ಷದಲ್ಲಿ ಎದ್ದು ನಿಲ್ಲುವ ಅಪಾರ್ಟ್‌ಮೆಂಟ್, ಗೋದಾಮು, ಟೆಕ್ ಪಾರ್ಕ್‌ಗಳಿಗೆ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. ಹೊರ ವರ್ತುಲ ರಸ್ತೆಯನ್ನೇ ನೋಡಿ. ಊರೊಳಗೆ ಬರುವ ಲಾರಿಗಳನ್ನು ಹೊರಗೆ ಹೊರಗೇ ಕಳಿಸುವುದಕ್ಕೆ ಕಟ್ಟಿದ ರಸ್ತೆ ಅದು. ಈಗ ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳದವರೆಗೆ ದೇಶದ ಅತಿ ದಟ್ಟ ಕಚೇರಿ ಸಾಲುಗಳಲ್ಲಿ ಒಂದು ಅದರ ಮೇಲೇ ಇದೆ. ವಾಹನ ಕಡಿಮೆ ಮಾಡಲು ಹೋದ ರಸ್ತೆ ತಾನೇ ವಾಹನ ಹುಟ್ಟಿಸುವ ಜಾಗವಾಯಿತು. ಹೊಸ ಯೋಜನೆಯಲ್ಲಿ ವಾಣಿಜ್ಯ ಜಾಗವನ್ನು ಮೊದಲೇ ಸೇರಿಸಿಕೊಂಡಿದ್ದಾರೆ. ಹಾಗಿದ್ದಮೇಲೆ ರಸ್ತೆಯನ್ನೂ ಆ ಜಾಗವನ್ನೂ ಒಟ್ಟಿಗೆ ಅಳೆಯಬೇಕು. ಬರೀ ರಸ್ತೆಗೆ ಮಾಡಿದ ಅಧ್ಯಯನ ಬದಲಾದ ಯೋಜನೆಗೆ ಸಾಲುವುದಿಲ್ಲ. ಲಿಖಿತವಾಗಿ ಎತ್ತಬೇಕಾದ ಆಕ್ಷೇಪಣೆಗಳಲ್ಲಿ ಇದಕ್ಕೆ ತೂಕ ಹೆಚ್ಚು, ಊರಿನವರು ಅದನ್ನು ಎತ್ತುವುದು ಅಪರೂಪ.

ಇದನ್ನೆಲ್ಲ ನೋಡಬೇಕಾದ ಜಾಗ ನಿಜವಾಗಿ ಪ್ರಾದೇಶಿಕ ಯೋಜನೆ. ಅದಕ್ಕೆಂದೇ 1985ರ ಕಾಯ್ದೆಯಡಿ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಎಂಆರ್‌ಡಿಎ ಹುಟ್ಟಿತು, ರಾಮನಗರದಿಂದ ದೊಡ್ಡಬಳ್ಳಾಪುರದವರೆಗೆ ಸುಮಾರು 8,000 ಚದರ ಕಿಲೋಮೀಟರ್ ಅದರ ವ್ಯಾಪ್ತಿ. ಅಲ್ಲಿ ಇನ್ನೊಂದು ರಿಂಗ್ ರಸ್ತೆ ಇದೆ, ದಾಬಸ್‌ಪೇಟೆ, ದೇವನಹಳ್ಳಿ, ಹೊಸಕೋಟೆ, ಆನೇಕಲ್, ಕನಕಪುರ, ಮಾಗಡಿ ಸುತ್ತುವ ಸುಮಾರು 280 ಕಿಲೋಮೀಟರ್‌ನ ಎಸ್‌ಟಿಆರ್‌ಆರ್. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಎಂಬ ಇದನ್ನು ಹೆದ್ದಾರಿ ಪ್ರಾಧಿಕಾರ ಕಟ್ಟುತ್ತಿದೆ. ಲಾರಿಗಳು ಆ ರಸ್ತೆ ಹಿಡಿದರೆ ನಿಮ್ಮೂರಿನ ರಸ್ತೆಗೆ ಎಂಟು ಪಥ ಬೇಕೇ? ಎರಡನ್ನೂ ಒಂದೇ ಕಡತದಲ್ಲಿಟ್ಟು ಲೆಕ್ಕ ಹಾಕಿದವರು ಯಾರು? ಬೆಂಗಳೂರಿನ ಮಹಾಯೋಜನೆಯ (ಮಾಸ್ಟರ್ ಪ್ಲ್ಯಾನ್) ಕಥೆ ಇನ್ನೂ ಚೆಂದ. 2007ರಲ್ಲಿ ಒಪ್ಪಿಗೆ ಪಡೆದ ‘ಪರಿಷ್ಕೃತ ಮಹಾಯೋಜನೆ 2015’ ತನ್ನ ಹೆಸರಿನ ವರ್ಷ ದಾಟಿ ಎಷ್ಟೋ ಕಾಲವಾದರೂ ಅದರ ಮೇಲೇ ನಗರ ನಡೆಯುತ್ತಿದೆ. 2031ರ ಕರಡು 2017ರಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಯೋಜನೆ ಮಾಡುವವರ ಕುರ್ಚಿಗಳೇ ಅದಲುಬದಲಾದವು. ಹೀಗೆ ಮೊದಲು ಆಗಬೇಕಾದ ಯೋಜನೆ ಹಿಂದೆ ಬಿದ್ದಾಗ, ರಸ್ತೆ ಎಲ್ಲಿ ಹೋಗಬೇಕು ಎಂಬ ಚರ್ಚೆಯೆಲ್ಲ ಪರಿಸರ ವರದಿಯ ತಲೆಯ ಮೇಲೆ ಬಂದು ಕೂರುತ್ತದೆ. ಅಷ್ಟು ಭಾರ ಹೊರುವ ಶಕ್ತಿ ಅದಕ್ಕಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ರಸ್ತೆಗೂ ಪರಿಸರ ಅನುಮತಿ ಬೇಕಾಗುವುದಿಲ್ಲ. 2006ರ ಕೇಂದ್ರ ಅಧಿಸೂಚನೆ ಹೆದ್ದಾರಿಗಳನ್ನು ಹೆಸರಿಸುತ್ತದೆ, ನಗರದೊಳಗಿನ ರಸ್ತೆಗಳನ್ನು ಹಾಗೆ ಹೆಸರಿಸುವುದಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಯೋಜಿಸಿದ್ದ 6.7 ಕಿಲೋಮೀಟರ್ ಉಕ್ಕಿನ ಸೇತುವೆಯ ಜಗಳದಲ್ಲೂ ಇದು ಬಂದಿತ್ತು. 812 ಮರ ಕಡಿಯಬೇಕಿದ್ದ ಆ ಸೇತುವೆಯನ್ನು 2017ರ ಮಾರ್ಚ್‌ನಲ್ಲಿ ಸರ್ಕಾರವೇ ಕೈಬಿಟ್ಟಿತು, ಅದಕ್ಕೆ ಮುಖ್ಯ ಕಾರಣ ಬೀದಿಗಿಳಿದ ಜನ. ನಿಮ್ಮ ರಸ್ತೆ ಪರಿಸರ ಅನುಮತಿಯ ದಾರಿಯಲ್ಲೇ ಬಂದಿದೆ, ಅದು ನಿಮಗೆ ಅನುಕೂಲ.

ಅಹವಾಲು ಸಭೆಯಲ್ಲಿ ಏನಿದೆ, ಏನಿಲ್ಲ

ಕರಡು ಪರಿಸರ ವರದಿಯ ಮೇಲೆ ಜನರ ಮಾತು ಕೇಳುವ ಸಭೆ ಇದು. ಅಲ್ಲಿ ಮತ ಹಾಕುವುದಿಲ್ಲ. ಸಾವಿರ ಜನ ಬೇಡ ಎಂದು ಕೂಗಿದರೂ ಅದರಿಂದಲೇ ಯೋಜನೆ ನಿಲ್ಲುವುದಿಲ್ಲ. ಕೋರಂ ಎಂಬುದೂ ಇಲ್ಲ, ಹತ್ತೇ ಜನ ಬಂದರೂ ಸಭೆ ಆದಂತೆಯೇ. ಆದರೆ ಅಲ್ಲಿ ಬಂದ ಪ್ರತಿ ಆಕ್ಷೇಪಣೆಗೂ ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕು. ಸಭೆಗೆ ಕನಿಷ್ಠ 30 ದಿನ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕರಡು ವರದಿ, ಅದರ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ಓದಲು ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹೆಚ್ಚುವರಿ ಜಿಲ್ಲಾಧಿಕಾರಿ ಸಭೆ ನಡೆಸುತ್ತಾರೆ, ವಿಡಿಯೋ ಆಗುತ್ತದೆ. ಸಭೆಗೆ ಹೋಗಲಾಗದಿದ್ದರೆ ಬರೆದು ಕಳಿಸಬಹುದು, ಅದಕ್ಕೂ ಅಷ್ಟೇ ಬೆಲೆ.

ನಾನು ಕಂಡ ಸಭೆಗಳಲ್ಲಿ ಹೆಚ್ಚಿನವು ಪರಿಹಾರದ ಮೊತ್ತದ ಮೇಲಿನ ಕೂಗಾಟದಲ್ಲಿ ಮುಗಿದಿವೆ. ಸಿಟ್ಟು ನ್ಯಾಯವಾದದ್ದೇ. ಬಿಡಿಎ ಸ್ವಾಧೀನಕ್ಕೆ 2013ರ ಭೂಸ್ವಾಧೀನ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದ ಮೇಲೆ, ಆ ಕಾಯ್ದೆಯಲ್ಲಿದ್ದ ಹೆಚ್ಚಿನ ಪರಿಹಾರವೂ ಹೋಯಿತು, ಸಾಮಾಜಿಕ ಪರಿಣಾಮ ಅಧ್ಯಯನವೂ ಹೋಯಿತು. ಹಾಗಾಗಿ ಜನರ ಮಾತು ಕಾನೂನುಬದ್ಧವಾಗಿ ದಾಖಲಾಗಲು ಉಳಿದಿರುವ ಮುಖ್ಯ ಜಾಗ ಪರಿಸರ ಅಹವಾಲು ಒಂದೇ. ಅಲ್ಲಿ ರೇಟಿನ ಮಾತಾಡಿದರೆ “ಇದು ಈ ಸಭೆಯ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಒಂದು ಸಾಲಿನ ಉತ್ತರ ಬರುತ್ತದೆ. “ಇಂಥ ಸರ್ವೆ ನಂಬರಿನ ಪಕ್ಕ ಇಷ್ಟು ಅಡಿ ಅಗಲದ ಹಳ್ಳವಿದೆ, ಗ್ರಾಮ ನಕ್ಷೆಯಲ್ಲಿ ಇದೆ, ನಿಮ್ಮ ವರದಿಯ ನಕ್ಷೆಯಲ್ಲಿ ಇಲ್ಲ” ಎಂದರೆ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಉತ್ತರಿಸದೆ ಬಿಟ್ಟರೆ ನಾಳೆ ನ್ಯಾಯಮಂಡಳಿಯಲ್ಲಿ ಅದೇ ಅವರಿಗೆ ಮುಳುವಾಗುತ್ತದೆ. 2020ರ ತೀರ್ಪು ನಿಂತಿದ್ದು ಇಂಥ ಬಿಟ್ಟುಹೋದ ಸಂಗತಿಗಳ ಮೇಲೆಯೇ.

ನಿಮ್ಮ ಮುಂದಿರುವ ದಾರಿಗಳು

ಮನೆ ಕಟ್ಟುವುದನ್ನು ಸದ್ಯಕ್ಕೆ ಬಿಡಿ. ಅಂತಿಮ ಅಧಿಸೂಚನೆಯಾದ ಜಮೀನಿನಲ್ಲಿ ಕಟ್ಟಿದ್ದು ಅಕ್ರಮವೆಂದೇ ಆಗುತ್ತದೆ, ಅದಕ್ಕೆ ಪರಿಹಾರ ಕೇಳುವುದೂ ಕಷ್ಟ. ರಸ್ತೆ ಪಕ್ಕಕ್ಕೆ ಸರಿದರೂ ಹಳ್ಳದ ಪಕ್ಕ ಏನೂ ಕಟ್ಟದೆ ಬಿಡಬೇಕಾದ ಮೀಸಲು ಅಂತರ ಉಳಿಯುತ್ತದೆ. ಮಹಾಯೋಜನೆಯಲ್ಲಿ ರಾಜಕಾಲುವೆಯ ದರ್ಜೆ ನೋಡಿ 50, 25 ಅಥವಾ 15 ಮೀಟರ್ ಇಟ್ಟಿದ್ದಾರೆ. ಇದನ್ನು ಹಸಿರು ನ್ಯಾಯಮಂಡಳಿ 2016ರಲ್ಲಿ ಬದಲಾಯಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಬದಲಾವಣೆಯನ್ನು ತೆಗೆದುಹಾಕಿತು.

ಈಗಲೇ ಮಾರುವುದಾದರೆ ಎಚ್ಚರ. ಅಧಿಸೂಚನೆಯ ನಂತರ ಕೊಂಡವರಿಗೆ ಸ್ವಾಧೀನ ಪ್ರಶ್ನಿಸುವ ಹಕ್ಕು ಇರುವುದಿಲ್ಲ ಎಂಬುದು ಕೋರ್ಟುಗಳ ಸ್ಥಿರ ನಿಲುವು. ಅದು ಗೊತ್ತಿದ್ದೂ ಕೊಳ್ಳುವವರು ಪರಿಹಾರದ ನಿವೇಶನದ ಮೇಲೆ ಕಣ್ಣಿಟ್ಟವರು. ಅಗ್ರಿಮೆಂಟ್, ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಎಂದು ಸಹಿ ಹಾಕಿಸಿಕೊಂಡು ಪರಿಹಾರ ತಾವೇ ಪಡೆಯುವ ಲೆಕ್ಕ ಅವರದು. ಜಿಪಿಎಗೆ ಅಪ್ಪನ ಸಹಿ ಬೀಳದಂತೆ ನೋಡಿಕೊಳ್ಳಿ.

ಐದು ವರ್ಷದಲ್ಲಿ ಯೋಜನೆ ಗಣನೀಯವಾಗಿ ಜಾರಿಯಾಗದಿದ್ದರೆ ಬಿಡಿಎ ಕಾಯ್ದೆಯ 27ನೇ ಕಲಮಿನ ಪ್ರಕಾರ ಅದು ಬಿದ್ದುಹೋಗುತ್ತದೆ ಎಂದು ವಕೀಲರು ಹೇಳಬಹುದು. ಕಲಮು ಇರುವುದು ನಿಜ. ತಡವಾದದ್ದಕ್ಕೆ ಯಾರು ಕಾರಣ, ಎಷ್ಟು ಕಾಲ ತಡೆಯಾಜ್ಞೆ ಇತ್ತು ಎಂದೆಲ್ಲ ಕೋರ್ಟು ಕೆದಕುತ್ತದೆ. ಇದು ವರ್ಷಗಟ್ಟಲೆ ನಡೆಯುವ ಆಟ, ಒಬ್ಬರೇ ಆಡುವುದಕ್ಕಿಂತ ಊರಿನ ಇತರ ಭೂಮಾಲೀಕರ ಜೊತೆ ಸೇರಿದರೆ ಖರ್ಚಾದರೂ ಹಂಚಿಹೋಗುತ್ತದೆ. ಪರಿಹಾರದ ಆಯ್ಕೆಗಳಲ್ಲಿ ಯಾವುದನ್ನಾದರೂ ಒಪ್ಪಿ ಸಹಿ ಹಾಕಿದರೆ ಈ ದಾರಿ ಬಹುಮಟ್ಟಿಗೆ ಮುಚ್ಚಿದಂತೆ, ಆದ್ದರಿಂದ ಯಾವುದು ಮೊದಲು ಎಂದು ಮನೆಯಲ್ಲಿ ಕೂತು ತೀರ್ಮಾನಿಸಿ. ಅಪ್ಪನಿಗೆ ವಯಸ್ಸಾಗಿದ್ದರೆ, ಮನೆಗೆ ಬೇರೆ ಆದಾಯವಿಲ್ಲದಿದ್ದರೆ, ಪರಿಹಾರ ತೆಗೆದುಕೊಳ್ಳುವುದು ಸೋಲು ಎಂದು ನಾನು ಹೇಳಲಾರೆ. ನಿವೇಶನ ಒಪ್ಪುವುದಾದರೆ ಎಲ್ಲಿ, ಯಾವಾಗ, ಖಾತೆ ಸಮೇತವೇ ಎಂದು ಬರವಣಿಗೆಯಲ್ಲಿ ಕೇಳಿ.

ಪರಿಸರದ ದಾರಿಯಲ್ಲಿ ಮುಖ್ಯವಾದದ್ದು ದಿನಗಳ ಲೆಕ್ಕ. ಪರಿಸರ ಅನುಮತಿ ಪ್ರಕಟವಾದ 30 ದಿನದೊಳಗೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹಾಕಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. 91ನೇ ದಿನ ಎಷ್ಟು ಗಟ್ಟಿ ಕಾರಣ ಹಿಡಿದು ಹೋದರೂ ಬಾಗಿಲು ಮುಚ್ಚಿರುತ್ತದೆ. ಎಷ್ಟೋ ಊರಿನವರು ಅನುಮತಿಯ ಸುದ್ದಿ ತಿಳಿಯುವುದು ಜೆಸಿಬಿ ಬಂದಾಗ. ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಅರ್ಜಿ, ಸಭೆಯ ನಡಾವಳಿ, ಅನುಮತಿ ಪತ್ರ, ದಿನಾಂಕ ಸಿಗುತ್ತದೆ. ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಹಾಕಿ ನೋಡಿ. ಮಾಪನದ ಅಂಕಿಅಂಶ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಅನುಬಂಧದಲ್ಲಿ ಆ ತಿಂಗಳು ಯಾವುದೆಂದು ಹುಡುಕಿ. ಮರ ಕಡಿಯುವ ಹಂತ ಬೇರೆಯದೇ. 50ಕ್ಕಿಂತ ಹೆಚ್ಚು ಮರಗಳಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅರಣ್ಯ ಜಮೀನಿಗೆ ಕೇಂದ್ರದ ಒಪ್ಪಿಗೆ ಮತ್ತೆ ಬೇರೆ. ಒಂದು ಕಡೆ ತಪ್ಪಿದ್ದನ್ನು ಇನ್ನೊಂದು ಕಡೆ ಹಿಡಿಯಬಹುದು.

ಈ ದಾರಿಯಲ್ಲಿ ಗೆದ್ದರೆ ಏನು ಸಿಗುತ್ತದೆ ಎಂಬ ಬಗ್ಗೆ ಭ್ರಮೆ ಬೇಡ. ಬಹಳ ಸಲ ಸಿಗುವುದು ದೊಡ್ಡ ಮೋರಿ, ಹಳ್ಳದ ಮೇಲೆ ಸೇತುವೆ, ಶಬ್ದ ತಡೆಯುವ ಗೋಡೆ, ಕೆಲವೊಮ್ಮೆ ಗೆರೆ ಸ್ವಲ್ಪ ಆಚೆ ಸರಿಯುವುದು. ಗೆರೆ ಸರಿದರೆ ಅದು ಇನ್ನೊಬ್ಬರ ಜಮೀನಿನ ಮೇಲೆ ಬೀಳುತ್ತದೆ, ಊರೊಳಗೆ ಅದರ ಜಗಳಕ್ಕೂ ಸಿದ್ಧರಿರಬೇಕು. ರಸ್ತೆಯೇ ನಿಲ್ಲುವುದು ಅಪರೂಪ.

ಈ ವಾರ ಮಾಡಬೇಕಾದದ್ದು ಇಷ್ಟು. ಭೂಮಾಪನ ಇಲಾಖೆಯಿಂದ ಗ್ರಾಮ ನಕ್ಷೆ, ನಿಮ್ಮ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣದ ದಾಖಲೆ) ನಕಲು ತೆಗೆಸಿ. ಹಳ್ಳ ‘ಬಿ’ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಬಾರದ ಜಾಗ) ಎಂದು ಎಷ್ಟು ಗುಂಟೆ ನಮೂದಾಗಿದೆ ನೋಡಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಹಳ್ಳದ ದಂಡೆಯಲ್ಲಿ ನಡೆದು ಸರ್ವೆ ನಂಬರ್ ಹೊಂದುತ್ತದೆಯೇ ಪರೀಕ್ಷಿಸಿ. ಬಾವಿ, ಕೊಳವೆಬಾವಿ, ಹುಣಸೆ, ಹೊಂಗೆ, ಮಾವು ಏನಿದೆಯೋ ಎಣಿಸಿ, ದಿನಾಂಕ ಬರುವಂತೆ ಫೋಟೊ ತೆಗೆಯಿರಿ. ಮುಂದಿನ ಜೋರು ಮಳೆಯಲ್ಲಿ ಹಳ್ಳ ತುಂಬಿ ಹರಿಯುವುದನ್ನು ವಿಡಿಯೋ ಮಾಡಲು ತಮ್ಮನಿಗೆ ಹೇಳಿ. ಕಳೆದ ವರ್ಷಗಳ ವಿಡಿಯೋ ಊರಿನ ಯಾರದಾದರೂ ಫೋನಿನಲ್ಲಿ ಇದ್ದರೆ ಅದನ್ನೂ ಕೇಳಿ ಪಡೆಯಿರಿ. ಜೊತೆಗೆ ಬಿಡಿಎಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ನಿಮ್ಮ ಸರ್ವೆ ನಂಬರಿನ ಮೇಲೆ ಹಾದುಹೋಗುವ ಈಗಿನ ಅಲೈನ್‌ಮೆಂಟ್ ನಕ್ಷೆ, ಆ ಜಾಗದ ಮೋರಿಯ ವಿನ್ಯಾಸ, ಹತ್ತಿರದ ಇಂಟರ್‌ಚೇಂಜ್ ಎಲ್ಲಿ ಎಂಬ ಮೂರನ್ನು ಮಾತ್ರ ಕೇಳಿ. ಅರ್ಜಿ ಉದ್ದವಾದಷ್ಟೂ ಉತ್ತರ ಗಿಡ್ಡವಾಗುತ್ತದೆ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ, ಹಿಂಬರಹ ಬಂದರೆ ಲಕೋಟೆ ಸಮೇತ ಎತ್ತಿಡಿ, ಅದರ ಮೇಲಿನ ಅಂಚೆ ಮುದ್ರೆಯ ದಿನಾಂಕ ಮುಂದೆ ಕೆಲಸಕ್ಕೆ ಬರುತ್ತದೆ.